ಊಟ ಮುಗಿಸಿದವರ ಮಾತು

ಡಿಗ್ರಿಯ ಕೊನೆಯ ವರ್ಷ ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದು ಜನರ ಉದ್ಯೋಗದ ವಿವರಗಳಿದ್ದವು. ಹನ್ನೊಂದು ಮಂದಿಯೂ ಅಪ್ಪನ ಗಿರಾಕಿಗಳು.

ಅಪ್ಪ ಮಲಾಡ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ಮುಂದೆ ಏನಾಗಬೇಕೆಂದು ನನಗೆ ತಿಳಿಯದೆ ಹೋದಾಗ ದಾರಿ ಕಂಡುಹಿಡಿದವರು ಅವರೇ. ದಿನವೂ ಬರುವ ಗಿರಾಕಿಗಳು ಊಟ ಮುಗಿಸಿ ಕೈ ತೊಳೆದು ಬಂದರೆ, "ಸಾರ್, ಮಗಳಿಗೆ ನಿಮ್ಮ ಹತ್ರ ಎರಡು ಮಾತು ಕೇಳ್ಲಿಕ್ಕುಂಟಂತೆ" ಎಂದು ಒಳಗಿನ ಟೇಬಲ್ಲಿಗೆ ಕಳಿಸುತ್ತಿದ್ದರು, ಹಿಂದೆಯೇ ಒಂದು ಕಾಫಿಯನ್ನೂ. ಶನಿವಾರ ಮಧ್ಯಾಹ್ನ ನಾನು ಅಲ್ಲಿ ಪೆನ್ನು ಹಿಡಿದು ಕೂತಿರುತ್ತಿದ್ದೆ. ಬ್ಯಾಂಕಿನವರು, ವಿಮೆಯವರು, ಪರೇಲಿನ ಆಸ್ಪತ್ರೆಯ ಲ್ಯಾಬಿನವರು. ಪ್ರತಿಯೊಬ್ಬರ ಮಾತು ಕೇಳಿದಾಗಲೂ ಅದೇ ಆಗಬೇಕೆನಿಸುತ್ತಿತ್ತು. ಕುರ್ಲಾದ ಮನೆಗೆ ಹೋಗಲು ದಾದರಿನಲ್ಲಿ ಗಾಡಿ ಬದಲಿಸುವಷ್ಟರಲ್ಲಿ ಅದು ಬೇಡವೆನಿಸುತ್ತಿತ್ತು.

ಹನ್ನೊಂದನೆಯವರು ಮೈಸೂರು ಕಡೆಯ ಆಡಿಟರು. "ನಮ್ ಕೆಲ್ಸದಲ್ಲಿ ಟೆನ್ಷನ್ನೇ ಇಲ್ಲಮ್ಮ. ಲೆಕ್ಕ ಸುಳ್ಳು ಹೇಳಲ್ಲ, ಹೇಳೋದೆಲ್ಲ ಕ್ಲೈಂಟೇ" ಎಂದು ತಾವೇ ನಕ್ಕರು. ಹೊರಡುವಾಗ ಅಪ್ಪನಿಗೆ, "ಪರೀಕ್ಷೆ ಮುಗಿದ ಮೇಲೆ ಎರಡು ವರ್ಷ ನನ್ ಹತ್ರ ಕೆಲ್ಸ ಕಲಿಯೋಕೆ ಬಿಡಿ. ಸದ್ಯಕ್ಕೆ ಹೋದ ವರ್ಷದ ಮಾರ್ಕ್ಸ್‌ಕಾರ್ಡ್ ಆಫೀಸಿಗೆ ತಂದ್ಕೊಡ್ಲಿ" ಎಂದರು. ನಾನು ನೋಟ್‌ಬುಕ್ ಮುಚ್ಚುವ ಮೊದಲೇ ಅಪ್ಪ, "ಆಯ್ತು ಸಾರ್" ಎಂದಾಗಿತ್ತು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ಆಫೀಸು ಹೋಟೆಲಿನಿಂದ ಎರಡು ಗಲ್ಲಿ ಆಚೆ. ನನ್ನ ವಯಸ್ಸಿನ ಹುಡುಗಿಯೊಬ್ಬಳು ಬಿಲ್ಲುಗಳಿಗೆ ಟಿಕ್ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. ಆಡಿಟರು ಫೋನಿನಲ್ಲಿ ಯಾರನ್ನೋ ಗದರುತ್ತಿದ್ದರು. ಅರ್ಧ ಗಂಟೆ ನಿಂತೆ. ಅವರು ಎರಡು ಸಲ ನನ್ನತ್ತ ನೋಡಿದರು. ಗುರುತು ಹತ್ತಲಿಲ್ಲ.

ತಪ್ಪು ಅವರದಲ್ಲ. ನಾನು ಮಾತಾಡಿಸಿದ್ದೆಲ್ಲ ಊಟ ಮುಗಿಸಿದವರನ್ನು. ಒಬ್ಬರೂ ಕೆಲಸದಲ್ಲಿರುವುದನ್ನು ನಾನು ನೋಡಿರಲಿಲ್ಲ.

ಮಾರ್ಕ್ಸ್‌ಕಾರ್ಡು ಬ್ಯಾಗಿನಲ್ಲೇ ಉಳಿಯಿತು. ಸೀದಾ ಹೋಟೆಲಿಗೆ ಬಂದೆ.

"ಕೊಟ್ಯಾ?" ಅಪ್ಪ ಕೇಳಿದರು.

"ಇಲ್ಲ. ಅಲ್ಲಿಗೆ ಹೋಗುದಿಲ್ಲ ನಾನು."

"ಎಂತ ಮಾರಾಯ್ತಿ, ದಿನಾ ಬರುವ ಜನ. ನಾಳೆ ನಾನು ಎಂತ ಮುಖ ತೋರಿಸುದು?"

"ಇಲ್ಲಿ ಎಲ್ಲರೂ ಒಳ್ಳೆಯವರೇ ಅಪ್ಪ. ಕಾಫಿ ಉಂಟಲ್ಲ."

ಅಪ್ಪ ಮುಂದಿನ ಗಿರಾಕಿಯ ಬಿಲ್ಲು ತೆಗೆದುಕೊಂಡರು. ಮರುದಿನ ಆಡಿಟರಿಗೆ ಏನು ಹೇಳಿದರೋ, ನಾನು ಕೇಳಲಿಲ್ಲ. ಆಡಿಟರು ಊಟಕ್ಕೆ ಬರುವುದು ನಿಲ್ಲಲಿಲ್ಲ, ಗಲ್ಲಾದ ಬಳಿ ನಿಂತು ಹರಟುವುದು ನಿಂತಿತು.

ಒಂದು ವಾರದ ನಂತರ ಅಪ್ಪನೇ ಮಾತು ತೆಗೆದರು. "ನಂದೂ ಬರೀಲಿಕ್ಕುಂಟಾ ನಿನ್ನ ಪುಸ್ತಕದಲ್ಲಿ?"

"ಹೇಳಿ."

"ಹೇಳುದೆಂತ. ಒಂದು ಗಂಟೆಗೆ ಬಾ, ರಶ್ ಇರುವಾಗ. ಮಾತಾಡ್ಲಿಕ್ಕೆ ಮಾತ್ರ ಆಗ್ಲಿಕ್ಕಿಲ್ಲ."

ಹನ್ನೆರಡನೆಯ ಪುಟದಲ್ಲಿ ಹೀಗಿದೆ: ಒಂದರಿಂದ ಮೂರು. ಒಮ್ಮೆಯೂ ಕೂರಲಿಲ್ಲ. ನನ್ನತ್ತ ನೋಡಲಿಲ್ಲ.