ಖಾಲಿ ಇಟ್ಟ ಜಾಗ

ಮೊನ್ನೆ ಅತ್ತೆಯನ್ನು ಕರೆದುಕೊಂಡು ಶಿವಮೊಗ್ಗದ ಒಂದು ಮೊಬೈಲ್ ಅಂಗಡಿಗೆ ಹೋಗಿದ್ದೆ. ಸೇಲ್ಸ್‌ಮನ್ ಫೋನೊಂದನ್ನು ಎತ್ತಿ ಹಿಡಿದು, “ಎಂಟು ಪ್ಲಸ್ ಎಂಟು, ಹದಿನಾರು ಜಿಬಿ ಮೆಮೊರಿ ಮೇಡಂ” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಎರಡನೆಯ ಎಂಟು ಇಲ್ಲವೇ ಇಲ್ಲ ಸ್ವಾಮಿ. ಫೋಟೋ ಇಡುವ ಜಾಗದಲ್ಲಿ ಒಂದು ಮೂಲೆ ಹಿಡಿದು ಅದಕ್ಕೆ ಮೆಮೊರಿ ಎಂದು ನಾಮಕರಣ ಮಾಡಿರುತ್ತಾರೆ, ಅಷ್ಟೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳಿಗೆ ಇದೆಲ್ಲ ಹೇಗೆ ಗೊತ್ತು ಎನ್ನುತ್ತೀರಾ? ಈ ವಿದ್ಯೆಯ ಪಂಡಿತರೊಬ್ಬರನ್ನು ನಾನು ಮದುವೆಯಾಗಿದ್ದೇನೆ.

ನಮ್ಮ ಯಜಮಾನರು ಹಗಲು ವಿಮಾ ಕಚೇರಿಯ ನೌಕರರು, ಉಳಿದ ಹೊತ್ತಿನಲ್ಲಿ ಹಳೆಯ ಫೋನುಗಳ ಉದ್ಧಾರಕರು. ಕಂಪನಿ ಕೈಬಿಟ್ಟ ಫೋನಿನ ತಂತ್ರಾಂಶವನ್ನು ಕಿತ್ತುಹಾಕಿ, ಮನೆಯ ಕಂಪ್ಯೂಟರಿನಲ್ಲೇ ಹೊಸದನ್ನು ಕಟ್ಟಿ ತುಂಬುತ್ತಾರೆ. ಕೆಲವು ವರ್ಷಗಳ ಹಿಂದೆ ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಈ ‘ಬಿಲ್ಡ್’ ಶುರುವಾಯಿತೆಂದರೆ, ಅದಕ್ಕಿಂತ ಶ್ರಾದ್ಧದ ದಿನದ ಮಡಿಯೇ ವಾಸಿ ಎನ್ನಿಸುತ್ತಿತ್ತು. ಕಂಪ್ಯೂಟರನ್ನು ಯಾರೂ ಮುಟ್ಟಬಾರದು. ಮಿಕ್ಸಿ ಹಾಕಬಾರದು, ಇಸ್ತ್ರಿ ಪೆಟ್ಟಿಗೆ ಹಚ್ಚಬಾರದು, ಫ್ಯೂಸ್ ಹೋದರೆ ಎಲ್ಲ ಮೈಲಿಗೆ. ಇಷ್ಟಾದರೂ ಇನ್ನೇನು ಮುಗಿಯಿತು ಎನ್ನುವಾಗ ಕಂಪ್ಯೂಟರಿನ ಮೆಮೊರಿ ಸಾಲದೆ ಕೆಲಸ ಸತ್ತುಬೀಳುತ್ತಿತ್ತು. ಆಗ ಇವರು ಹಾರ್ಡ್‌ಡಿಸ್ಕಿನಲ್ಲಿ ‘ಸ್ವಾಪ್’ ಎಂದು ಜಾಗ ಮಾಡಿ, ಮೆಮೊರಿಯಲ್ಲಿ ಹಿಡಿಯದ್ದನ್ನು ಅಲ್ಲಿಗೆ ಸಾಗಿಸುವ ಏರ್ಪಾಡು ಮಾಡಿದರು. ಅಡುಗೆಕಟ್ಟೆ ಸಾಲದೆಂದು ಪಾತ್ರೆಗಳನ್ನು ಅಟ್ಟಕ್ಕೇರಿಸಿ, ಸೌಟು ಬೇಕಾದಾಗಲೆಲ್ಲ ಏಣಿ ಹತ್ತಿದ ಹಾಗೆ. ಬಿಲ್ಡ್ ಏನೋ ಮುಗಿಯಿತು, ಆದರೆ ಡಿಸ್ಕು ದಿನವಿಡೀ ಗೊರಗೊರ ಅಂದಿತು. ನಾನು ಇಡ್ಲಿ ಹಿಟ್ಟನ್ನು ಪಕ್ಕದ ಮನೆಯಲ್ಲಿ ರುಬ್ಬಿಕೊಂಡು ಬಂದೆ.

“ಇಂಟರ್ನೆಟ್ಟಿಗೆ ಹಾಕಿದ್ದೆ, ಬ್ರೆಜಿಲ್‌ನವನೊಬ್ಬ ಇಳಿಸಿಕೊಂಡು ಥ್ಯಾಂಕ್ಸ್ ಹೇಳಿದಾನೆ ಕಣೇ” ಎಂದು ಇವರು ಎದೆಯುಬ್ಬಿಸಿದರು.

“ಹಿಟ್ಟು ರುಬ್ಬಿ ಕೊಡ್ತಾನಾ ಕೇಳಿ” ಎಂದೆ.

ಇದು ನಗೆಯಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಇವರ ಉದ್ಧಾರಕಾರ್ಯದ ಪ್ರಸಾದ ಭದ್ರಾವತಿಗೂ ಹೋಯಿತು. ಅಲ್ಲಿ ನಮ್ಮ ಅತ್ತೆ ಬ್ಲೌಸ್ ಹೊಲಿಯುತ್ತಾರೆ. ಕನ್ನಡ, ತಮಿಳು, ತೆಲುಗಿನವರೆಲ್ಲ ಅವರ ಗಿರಾಕಿಗಳು. ಈಗೀಗ ಎಲ್ಲರೂ ಡಿಸೈನಿನ ಫೋಟೋವನ್ನು ಮೆಸೇಜಿನಲ್ಲೇ ಕಳಿಸುವುದು. ಅತ್ತೆ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು ನಮ್ಮಲ್ಲಿದ್ದಾಗ, ಮಗರಾಯರು ಅವರ ಫೋನನ್ನು ‘ಹೊಸದು’ ಮಾಡಿಕೊಟ್ಟರು.

“ನೋಡಮ್ಮ, ಅರ್ಧಕ್ಕಿಂತ ಜಾಸ್ತಿ ಮೆಮೊರಿ ಖಾಲಿ ಇದೆ!”

ಮೆಮೊರಿ ಖಾಲಿ ಇರುವುದೆಂದರೆ ಈ ಪಂಥದವರಿಗೆ ಮೋಕ್ಷ. ಅದು ಹೇಗೆ ಖಾಲಿಯಾಯಿತು ಎಂದು ನಾವ್ಯಾರೂ ಕೇಳಲಿಲ್ಲ. ಪರದೆಯ ಮೇಲೆ ಕಾಣದ ಆ್ಯಪುಗಳನ್ನೆಲ್ಲ ಫೋನು ತಕ್ಷಣ ಕೊಲ್ಲುವಂತೆ ಇವರು ಮಾಡಿದ್ದರು. ಮೆಸೇಜು ಬಂದಾಗ ಅವನ್ನು ಎಬ್ಬಿಸುವ ವ್ಯವಸ್ಥೆಯನ್ನೂ ಭಾರವೆಂದು ಕಿತ್ತಿದ್ದರು.

ಅತ್ತೆ ಭದ್ರಾವತಿಗೆ ಮರಳಿದರು. ಮೆಸೇಜಿನ ಸದ್ದಿಲ್ಲ. ಫೋನು ಕೂಗದೆ ಅದನ್ನು ತೆರೆದು ನೋಡುವ ಅಭ್ಯಾಸ ಅವರಿಗಿಲ್ಲ. ನಾವು ಮಾಡಿದ ಕರೆಗಳು ಸರಿಯಾಗಿ ಹೋಗುತ್ತಿದ್ದುದರಿಂದ ಫೋನಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮದುವೆಯ ಕಾಲ ಬಂತು, ಒಬ್ಬರೂ ಬ್ಲೌಸ್ ಕೇಳಲಿಲ್ಲ.

“ಕಣ್ಣು ಕೊಯ್ಸಿಕೊಂಡವಳ ಹೊಲಿಗೆ ಯಾರಿಗೆ ಬೇಕೇ ಮಾರಾಯ್ತಿ” ಎಂದರು ಒಂದು ದಿನ. ಕಣ್ಣು ಮೊದಲಿಗಿಂತ ಚೆನ್ನಾಗಿತ್ತು. ಆದರೂ ಹೊಲಿಗೆ ಮಿಷನ್ ಮಾರುವುದೆಂದು ನಿರ್ಧರಿಸಿಬಿಟ್ಟರು.

ಮಿಷನ್ ನೋಡಲು ಬಂದವಳು ಹಳೆಯ ಗಿರಾಕಿ ಸೆಲ್ವಿ. ಆ ಭಾನುವಾರ ನಾವಿಬ್ಬರೂ ಅಲ್ಲೇ ಇದ್ದೆವು. ಅವಳು ಮಿಷನ್ ಮುಟ್ಟಲೇ ಇಲ್ಲ.

“ಏನಕ್ಕಾ, ತಂಗಚ್ಚಿ ಮದುವೆಗೆ ಬ್ಲೌಸ್ ಕೇಳಿ ಮೆಸೇಜ್ ಹಾಕ್ದೆ, ಜವಾಬೇ ಇಲ್ಲ. ಕೋಪಾನಾ ನಮ್ ಮೇಲೆ?”

ನಾನು ಅತ್ತೆಯ ಫೋನು ತೆಗೆದುಕೊಂಡು ಮೆಸೇಜಿನ ಆ್ಯಪ್ ತೆರೆದೆ. ಅದು ಟಣ್ ಟಣ್ ಎಂದು ಬಡಿದುಕೊಳ್ಳತೊಡಗಿತು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿದರು. ಸೀಮಂತದ ಬ್ಲೌಸು, ಆಗಿಹೋದ ಮದುವೆಗಳ ಬ್ಲೌಸು. ‘ಅಕ್ಕಾ, ಕಣ್ಣು ಹೇಗಿದೆ?’ ಎಂದು ಸುಮ್ಮನೆ ವಿಚಾರಿಸಿದವರೂ ಇದ್ದರು. ಅದನ್ನು ಓದುವಾಗ ಅವರು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಇವರು ಮಾತ್ರ ತಮ್ಮ ಕೃತಿಯ ಮಾನ ಕಾಯಲು ನಿಂತರು.

“ಆದ್ರೂ ಮೆಮೊರಿ ಎಷ್ಟು ಫ್ರೀ ಇತ್ತು ನೋಡಮ್ಮ.”

“ಖಾಲಿ ಇಟ್ಕೊಂಡು ಏನ್ ಮಾಡ್ಲೋ ಮಾರಾಯ? ಬಾಡಿಗೆಗೆ ಕೊಡ್ಲಾ?”

ಮಿಷನ್ ಉಳಿಯಿತು. ಆದರೆ ಬೇರೆ ಟೈಲರ್ ಹಿಡಿದಿದ್ದ ಗಿರಾಕಿಗಳೆಲ್ಲ ಮರಳಲಿಲ್ಲ. ಇವರು ಕೊಲ್ಲುವುದನ್ನು ಕಡಿಮೆ ಮಾಡಿ, ಹಿಂದೆ ಸರಿದ ಆ್ಯಪುಗಳನ್ನು ಮೆಮೊರಿಯಲ್ಲೇ ಒತ್ತಿ ಮಡಚಿಡುವಂತೆ ತಿದ್ದಿ, ಹೊಸ ಆವೃತ್ತಿ ಬಿಟ್ಟರು. ಜೊತೆಗೊಂದು ಟಿಪ್ಪಣಿ: ‘ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ.’ ಹೆತ್ತ ತಾಯಿ ತನ್ನ ಕೈಗುಣವೇ ಹೋಯಿತೆಂದು ನಂಬಿ ಕೂತಿದ್ದು ಇವರ ಲೆಕ್ಕದಲ್ಲಿ ಸಣ್ಣಪುಟ್ಟದ್ದು. ಬ್ರೆಜಿಲ್‌ನವ ಅದಕ್ಕೂ ಥ್ಯಾಂಕ್ಸ್ ಹೇಳಿದನಂತೆ.

ಆ ಫೋನಿನ ಬ್ಯಾಟರಿ ಈಚೆಗೆ ಉಬ್ಬಿಕೊಂಡಿತು, ಅದಕ್ಕೇ ಮೊನ್ನೆ ಅಂಗಡಿಗೆ ಹೋಗಿದ್ದು. ಪಂಡಿತರನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋಗಿದ್ದೆವು. ಅವರಿಲ್ಲದಿದ್ದರೇನು, ಕೇಳುವುದನ್ನು ನಾನೂ ಕಲಿತಿದ್ದೇನೆ.

“ಹದಿನಾರೂ ತುಂಬಿದ್ರೆ ಏನಾಗತ್ತೆ?” ಎಂದೆ.

“ಹಿಂದೆ ಓಡ್ತಿರೋದನ್ನ ಅದೇ ತೆಗೆದುಹಾಕತ್ತೆ ಮೇಡಂ. ನಿಮಗೆ ಗೊತ್ತೇ ಆಗಲ್ಲ” ಎಂದು ಅವನು ಹೆಮ್ಮೆಯಿಂದ ನಕ್ಕ.

ಪಕ್ಕದಲ್ಲಿ ಕೂತಿದ್ದ ಅತ್ತೆ ತಲೆಯೆತ್ತಿದರು.

“ತೆಗೆದುಹಾಕೋ ಮುಂಚೆ ಒಂದು ಮಾತು ಹೇಳೋ ಫೋನ್ ಇದ್ರೆ ತೋರ್ಸಪ್ಪಾ.”