ಪಳನಿಯಣ್ಣ ಕತ್ತರಿಸಿದ ಒಂಬತ್ತು ನಿಮಿಷ

ಪಳನಿಯಣ್ಣನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿರುತ್ತಿತ್ತು. ರೀಲು ಸುತ್ತುವಾಗ ಫಿಲ್ಮಿನ ಅಂಚಿಗೆ ಆ ಉಗುರು ತಾಗಿಸಿ, ಎಲ್ಲಿ ಸೀಳು ಬಿಟ್ಟಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಭದ್ರಾವತಿಯ ಹಳೆಯ ಟಾಕೀಸೊಂದರಲ್ಲಿ ಅವರು ಆಪರೇಟರ್. ಮೈಯೆಲ್ಲ ಫಿಲ್ಮ್ ಅಂಟಿಸುವ ಸಿಮೆಂಟಿನ ಘಾಟು. ಹೆಂಡತಿ ಬೈಯುತ್ತಾಳೆಂದು ಮನೆಗೆ ಹೊರಡುವ ಮೊದಲು ಕೈಗೆ ನಿಂಬೆಹಣ್ಣು ತಿಕ್ಕಿಕೊಳ್ಳುತ್ತಿದ್ದರು. ಎರಡೂ ಸೇರಿ ಇನ್ನೂ ಕೆಟ್ಟ ವಾಸನೆ ಬರುತ್ತಿತ್ತು ಎಂದು ಹೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ನಾನು ಆಗ ಡಿಗ್ರಿ ಮುಗಿಸಿ, ಕೆಲಸವಿಲ್ಲದೆ ಕಾಗದನಗರದ ನಮ್ಮ ಕ್ವಾರ್ಟರ್ಸಿಗೂ ಅವರ ಕ್ಯಾಬಿನ್ನಿಗೂ ಅಲೆಯುತ್ತಿದ್ದವನು. ಅಲ್ಲಿ ಕೂತು ಬಿಟ್ಟಿ ಸಿನಿಮಾ ನೋಡುತ್ತಿದ್ದೆ. ಪಳನಿಯಣ್ಣ ಮಾತ್ರ ಪರದೆ ನೋಡುತ್ತಿರಲಿಲ್ಲ. ಗೋಡೆಯ ಕಿಂಡಿಯಿಂದ ಕೆಳಗೆ ಕೂತವರ ತಲೆಗಳನ್ನೇ ನೋಡುತ್ತಿದ್ದರು. "ಪರದೆ ಮೇಲೆ ಏನಾಗ್ತದೆ ಅಂತ ನಂಗೊತ್ತು ತಂಬಿ. ಜನ ಏನಾಗ್ತಾರೆ ಅಂತ ನೋಡ್ತೀನಿ" ಎನ್ನುತ್ತಿದ್ದರು.

ಆ ಕಾಲದಲ್ಲೇ ಒಂದು ಸೇಡಿನ ಚಿತ್ರ ಬಂತು. ಮೇಷ್ಟ್ರೊಬ್ಬರ ಮಗಳನ್ನು ನಾಲ್ವರು ಕೊಲ್ಲುತ್ತಾರೆ, ಪೊಲೀಸರು ಅವರನ್ನು ಬಿಟ್ಟುಬಿಡುತ್ತಾರೆ, ಮೇಷ್ಟ್ರು ಮಚ್ಚು ಹಿಡಿಯುತ್ತಾರೆ. ಮಗಳ ಚಿತೆಗೂ ಮೇಷ್ಟ್ರ ಮಚ್ಚಿಗೂ ನಡುವೆ ಒಂಬತ್ತು ನಿಮಿಷ ಮಾತೇ ಇಲ್ಲ. ಸ್ಮಶಾನದಿಂದ ಬಂದ ಮೇಷ್ಟ್ರು ಮಗಳ ತಟ್ಟೆ ತೊಳೆದಿಡುತ್ತಾರೆ, ಒಣಗಿದ ಯೂನಿಫಾರ್ಮ್ ಮಡಚುತ್ತಾರೆ, ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಅಳುತ್ತಾರೆ. ಅಳು ನಿಲ್ಲುವವರೆಗೂ ಕ್ಯಾಮೆರಾ ಅಲ್ಲಾಡುವುದಿಲ್ಲ.

ಮೊದಲ ದಿನವೇ ಆ ಹೊತ್ತಿಗೆ ಸರಿಯಾಗಿ ಜನ ಬೀಡಿ ಸೇದಲು ಎದ್ದು ಹೋದರು. ಮ್ಯಾಟಿನಿ ಬಿಡುವುದು ತಡವಾಗಿ, ಮುಂದಿನ ಆಟಕ್ಕೆ ಬಂದವರು ಗೇಟಿನಲ್ಲಿ ಗಲಾಟೆ ಎಬ್ಬಿಸಿದರು. ಮಾಲೀಕರು ಕ್ಯಾಬಿನ್ನಿಗೆ ಬಂದು, ಆ ಭಾಗ ತೆಗೆಸೋಣವೇ ಎಂದು ಅಲ್ಲೇ ಕೂತಿದ್ದ ನನ್ನನ್ನೂ ಕೇಳಿದರು. ತೆಗೆಸಿಬಿಡಿ ಸಾರ್, ಬೋರು ಎಂದೆ. ಊರಿನ ರುಚಿ ನೋಡಿ ಚಿತ್ರ ಮೊಟಕು ಮಾಡುವುದು ಆಗ ಎಲ್ಲ ಟಾಕೀಸಿನಲ್ಲೂ ನಡೆಯುತ್ತಿದ್ದ ಕೆಲಸ, ಯಾರಿಗೂ ಅದು ತಪ್ಪೆನಿಸುತ್ತಿರಲಿಲ್ಲ. ಪಳನಿಯಣ್ಣ ಎರಡು ಕಡೆ ಕತ್ತರಿಸಿ, ತುದಿಗೆ ತುದಿ ಅಂಟಿಸಿದರು. ಮರುದಿನದಿಂದ ಭದ್ರಾವತಿಯಲ್ಲಿ ಮಗಳ ಚಿತೆ ಹತ್ತಿಕೊಂಡ ಕೂಡಲೇ ಮೇಷ್ಟ್ರ ಕೈಯಲ್ಲಿ ಮಚ್ಚು. ಶಿಳ್ಳೆಯೋ ಶಿಳ್ಳೆ. ನಾನು ಆರು ಸಲ ನೋಡಿದೆ. ಪಳನಿಯಣ್ಣನ ಇಬ್ಬರು ಗಂಡುಮಕ್ಕಳು, ಸೆಲ್ವ ಮತ್ತು ಕುಮಾರ, ಅದಕ್ಕಿಂತ ಹೆಚ್ಚು ಸಲ ನೋಡಿದರು.

ರೀಲಿನ ಕಾಲ ಮುಗಿಯಿತು. ಟಾಕೀಸು ಕಲ್ಯಾಣ ಮಂಟಪವಾಯಿತು, ಪಳನಿಯಣ್ಣ ಅದಕ್ಕೇ ಕಾವಲುಗಾರರಾದರು. ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕನ್ನಡಕದ ಅಂಗಡಿ ಇಟ್ಟೆ. ಆಮೇಲೆ ಒಂದು ದಿನ, ಹೋಟೆಲಿನ ಮುಂದೆ ಬೈಕ್ ನಿಲ್ಲಿಸುವ ಜಗಳದಲ್ಲಿ ಸೆಲ್ವ ಏಟು ತಿಂದು ಸತ್ತ. ಮೂವರ ಮೇಲೆ ಕೇಸಾಯಿತು, ಮೂವರಿಗೂ ಜಾಮೀನು ಸಿಕ್ಕಿತು.

ಕುಮಾರ ಲೇತ್ ಶಾಪಿನಲ್ಲಿ ಕೆಲಸಕ್ಕಿದ್ದ. ಅಣ್ಣನನ್ನು ಮಣ್ಣು ಮಾಡಿದ ದಿನವೂ ಅವನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಅನ್ನದ ಮುಂದೆ ಕೂತರೂ ಫೋನಿನಲ್ಲಿ ಆ ಸೇಡಿನ ಚಿತ್ರದ ಕೊಲೆಯ ತುಣುಕುಗಳನ್ನೇ ತಿರುಗಿಸಿ ಹಾಕಿ ನೋಡುತ್ತಿದ್ದ. ಪಳನಿಯಣ್ಣ ನನ್ನ ಅಂಗಡಿಗೆ ಬಂದು ಕೂತರೆ ಇದೊಂದೇ ಮಾತು. ಒಬ್ಬ ಹೋದ, ಉಳಿದವನು ಕೊಲೆಗಾರ ಆಗಬಾರದು. ದೇವರ ಹತ್ತಿರ ಬೇರೇನೂ ಕೇಳುತ್ತಿಲ್ಲ ಎನ್ನುತ್ತಿದ್ದರು.

ಸೆಲ್ವ ಸತ್ತ ನಾಲ್ಕನೇ ವರ್ಷ ಆ ಚಿತ್ರದ ಎರಡನೇ ಭಾಗ ಬಂತು. ಕುಮಾರ ಶಿವಮೊಗ್ಗಕ್ಕೆ ಹೊರಟಾಗ ತಾನೂ ಬರುತ್ತೇನೆಂದು ಪಳನಿಯಣ್ಣ ಹಿಂದೆ ಬಿದ್ದರು. ನನಗೂ ಫೋನು ಮಾಡಿದರು. "ನೀನೂ ಬಾ ತಂಬಿ. ಆ ಸಿನಿಮಾದಲ್ಲಿ ಅವನ ಪಕ್ಕ ಒಬ್ಬನೇ ಕೂರೋಕೆ ಹೆದರಿಕೆ ಆಗ್ತದೆ."

ಮೇಷ್ಟ್ರು ಅದೇ ನಟ. ಕೂದಲು ಮಾತ್ರ ಮೊದಲಿಗಿಂತ ಕಪ್ಪಾಗಿತ್ತು. ಮೊದಲ ಭಾಗದಲ್ಲಿ ಮೇಷ್ಟ್ರು ಕೊಂದದ್ದು ನಾಲ್ವರನ್ನು. ಇದರಲ್ಲಿ ಎಣಿಸಲು ಹೋದವನಿಗೆ ಪಾಪ್‌ಕಾರ್ನ್ ತಿನ್ನಲು ಪುರಸೊತ್ತಿರಲಿಲ್ಲ. ಮೇಷ್ಟ್ರ ತಮ್ಮ ಸಾಯುತ್ತಾನೆ, ಹೆಣ ನೆಲಕ್ಕೆ ಬೀಳುವ ಮೊದಲೇ ಮೇಷ್ಟ್ರು ಜೀಪು ಹತ್ತಿರುತ್ತಾರೆ. ಕತ್ತಿ ಎದ್ದಾಗಲೆಲ್ಲ ಜನ ಫೋನ್ ಎತ್ತಿ ಹಿಡಿಯುತ್ತಿದ್ದರು. ಕುಮಾರ ರೆಪ್ಪೆ ಬಡಿಯದೆ ನೋಡುತ್ತಿದ್ದ. ಪಳನಿಯಣ್ಣ ಮಗನ ಮುಖ ನೋಡುತ್ತಿದ್ದರು.

ಹೊರಗೆ ಟೀ ಕುಡಿಯುವಾಗ ಕುಮಾರ, ಮೊದಲನೆಯದಕ್ಕಿಂತ ಇದೇ ಚೆನ್ನಾಗಿದೆ, ಎಲ್ಲೂ ಲ್ಯಾಗ್ ಇಲ್ಲ ಎಂದ. ಪಳನಿಯಣ್ಣ ಗ್ಲಾಸು ಕೆಳಗಿಟ್ಟರು.

"ಅದರಲ್ಲಿ ಒಂಬತ್ತು ನಿಮಿಷ ಮೇಷ್ಟ್ರು ಕೂತು ಅಳೋದಿತ್ತು ಕಣೋ. ನಾನೇ ಕತ್ತರಿಸಿ ಹಾಕ್ದೆ, ನೀನು ನೋಡ್ಲೇ ಇಲ್ಲ. ಇದರಲ್ಲಿ ಕತ್ತರಿಸೋಕೂ ಅವರು ಏನೂ ಇಟ್ಟಿಲ್ಲ." ಮಗನ ಕಡೆ ಬಗ್ಗಿ ಹೇಳಿದರು, "ಸೆಲ್ವ ಹೋಗಿ ನಾಲ್ಕು ವರ್ಷ ಆಯ್ತು. ನಾನೂ ನೀನೂ ಒಂದಿನ ಒಟ್ಟಿಗೆ ಕೂತು ಅತ್ತಿಲ್ಲ. ಬಾ, ಇವತ್ತು ಮನೇಲಿ ಕೂರಣ."

"ಅತ್ತಾದ್ಮೇಲೂ ಮೇಷ್ಟ್ರು ಕೊಂದೇ ಕೊಂದ್ರಲ್ಲಪ್ಪ" ಎಂದ ಕುಮಾರ. ಅಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಪಳನಿಯಣ್ಣ ನನ್ನ ಮುಖ ನೋಡಿದರು. ನಾನು ಟೀ ದುಡ್ಡು ಕೊಡಲು ತಿರುಗಿದೆ.

ಎರಡು ತಿಂಗಳಿಗೆ ಕುಮಾರ ಆ ಮೂವರಲ್ಲಿ ಒಬ್ಬನನ್ನು ಕೊಂದ. ಮೂವರಲ್ಲಿ ಚಿಕ್ಕವನು. ಸೆಲ್ವನಿಗೆ ಹೊಡೆಯುವಾಗ ಅವನು ಬಿಡಿಸಲು ಬಂದಿದ್ದ ಎಂದು ಆಮೇಲೆ ಹೋಟೆಲಿನವರು ಹೇಳಿದರು. ಹೌದೋ ಅಲ್ಲವೋ, ಇನ್ನು ಯಾರು ತೀರ್ಮಾನಿಸುತ್ತಾರೆ? ಕುಮಾರನನ್ನು ಶಿವಮೊಗ್ಗ ಜೈಲಿಗೆ ಕಳಿಸಿದರು.

ಪಳನಿಯಣ್ಣ ದಿನಾ ಬೆಳಿಗ್ಗೆ ಆ ಸತ್ತ ಹುಡುಗನ ಮನೆಗೆ ಹೋಗಿ ಬಾಗಿಲ ಹೊರಗೆ ಕೂರುತ್ತಾರೆ ಎಂಬ ಸುದ್ದಿ ಬಂತು. ಮಾನಗೆಟ್ಟವನು ಎಂದು ಜನ ಆಡಿಕೊಂಡರು. ಕರೆದುಕೊಂಡು ಬರೋಣವೆಂದು ಹೋದೆ. ಮೆಟ್ಟಿಲ ಪಕ್ಕ ಮೊಣಕಾಲು ಅಪ್ಪಿಕೊಂಡು ಕೂತಿದ್ದರು. ಹುಬ್ಬಿನ ಮೇಲೆ ಗಾಯ ಒಣಗಿತ್ತು. ಎದ್ದು ಬನ್ನಿ ಅಣ್ಣ, ಹೊಡೆಯುತ್ತಾರೆ ಎಂದೆ.

"ಮೊದಲ ದಿನ ಹೊಡೆದ್ರು, ಈಗ ಬಿಟ್ಟಿದಾರೆ" ಎಂದರು. "ಒಳಗೆ ಅವರಪ್ಪ ಅಳ್ತಾ ಇದಾನೆ ತಂಬಿ. ನಿಲ್ಲೋವರೆಗೂ ಕೇಳ್ತೀನಿ. ಆಮೇಲೆ ಏಳ್ತೀನಿ."

ನಿಜವಾಗಿಯೂ ಒಳಗಿನಿಂದ ಗಂಡಸಿನ ಅಳು ಕೇಳುತ್ತಿತ್ತು. ಐದು ನಿಮಿಷ ಅಲ್ಲಿ ನಿಲ್ಲಲು ನನ್ನ ಕೈಲಾಗಲಿಲ್ಲ. ಅಂಗಡಿ ತೆಗೆಯಬೇಕೆಂದು ಸುಳ್ಳು ಹೇಳಿ ಬಂದುಬಿಟ್ಟೆ. ಆ ನಾಚಿಕೆ ಇನ್ನೂ ಹೋಗಿಲ್ಲ. ಅವರನ್ನು ಕಂಡದ್ದು ಅದೇ ಕೊನೆ.

ಒಂದು ತಿಂಗಳಲ್ಲಿ ಪಳನಿಯಣ್ಣ ಹೃದಯಾಘಾತದಿಂದ ಹೋದರು. ಮುಖ ನೋಡಿಕೊಂಡು ಹೋಗಲಿ ಎಂದು ಕುಮಾರನನ್ನು ಪೊಲೀಸರು ಕರೆತಂದಿದ್ದರು. ಒಂದು ಗಂಟೆಯ ಅನುಮತಿ. ಅವನು ಅಪ್ಪನ ಕಾಲ ಬಳಿ ಬಹಳ ಹೊತ್ತು ಕಲ್ಲಿನಂತೆ ಕೂತಿದ್ದ. ನಾನು ಪಕ್ಕದಲ್ಲಿ ಹೋಗಿ ಕೂತೆ. ಮೊದಲು ಅಣ್ಣನ ಹೆಸರು ಹಿಡಿದು ಕೂಗಿದ, ಆಮೇಲೆ ಅಪ್ಪನನ್ನು ಕರೆದ. ಅಂಥ ಅಳುವನ್ನು ನಾನು ಕೇಳಿರಲಿಲ್ಲ. ಅವನು ಇನ್ನೂ ಅಳುತ್ತಿರುವಾಗಲೇ, ಹೊತ್ತಾಯಿತೆಂದು ಪೊಲೀಸರು ತೋಳು ಹಿಡಿದು ಎಬ್ಬಿಸಿದರು.