ಕತ್ತಿ ಬಿಟ್ಟು ಮರ ಹತ್ತಿದ ದೊಡ್ಡಮಾದಯ್ಯ

ನೆರಳಲ್ಲಿ ಕೂತ ಹಕ್ಕಿಯ ಫೋಟೋ ಚೆನ್ನಾಗಿ ಬರುವುದಿಲ್ಲ. ಗೂಡಿನ ಮೇಲೆ ಬಿಸಿಲು ತಾನಾಗಿ ಬೀಳದಿದ್ದರೆ ಯಾವನೋ ಒಬ್ಬ ಮರ ಹತ್ತಿ ಕೊಂಬೆ ಸರಿಸಬೇಕು. ಫೋಟೋದಲ್ಲಿ ಅವನು ಇರುವುದಿಲ್ಲ.

ಯಳಂದೂರು ಸೀಮೆಯ ಅಗರದಲ್ಲಿ ಆ ಒಬ್ಬ ದೊಡ್ಡಮಾದಯ್ಯ. ಹುಣಸೆಕಾಯಿ ಬಡಿಯುವುದರಲ್ಲಿ ಅವನ ಸಮಕ್ಕೆ ಇನ್ನೊಬ್ಬನಿರಲಿಲ್ಲ. "ಮಾದಯ್ಯ ನೆಲಕ್ಕಿಳಿಯೋದು ಉಣ್ಣಕ್ಕೆ ಮಾತ್ರ ಕಣ್ಲಾ" ಎಂದು ಊರವರು ನಗುತ್ತಿದ್ದರು. "ಇಟ್ಟಿನ ಮುದ್ದೆ ಮೇಲಕ್ಕೆ ಎಸುದ್ರೆ ಅದ್ಕೂ ಇಳಿಯಾಕಿಲ್ಲ" ಎಂದು ಅವನೂ ನಗುತ್ತಿದ್ದ.

ಅವನ ಧಣಿ ಪುಟ್ಟಬಸಪ್ಪನವರ ಹಿತ್ತಲ ಹುಣಸೆಮರದಲ್ಲಿ ವರ್ಷವೂ ಕೊಕ್ಕರೆಗಳು ಗೂಡು ಕಟ್ಟುತ್ತಿದ್ದವು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನ ಭಾವನೆ. ಮರಿ ಹಾರುವ ತನಕ ಆ ಮರಕ್ಕೆ ಕತ್ತಿ ತಾಗಿಸುವಂತಿಲ್ಲ, ಕಾಯಿ ಬಡಿಯುವಂತಿಲ್ಲ.

ಆ ಬೇಸಿಗೆ ರಜೆಗೆ ಮೈಸೂರಿನ ವಕೀಲರೊಬ್ಬರು ಧಣಿಯ ಮನೆಗೆ ಬಂದಿಳಿದರು. ಕೋರ್ಟು ಮುಚ್ಚಿದಾಗ ಊರೂರು ತಿರುಗಿ ಹಕ್ಕಿ ನೋಡುವುದು, ಫೋಟೋ ಹಿಡಿಯುವುದು ಅವರ ಖಯಾಲಿ. ಮಾಳಿಗೆಯ ಮೇಲೆ ಕ್ಯಾಮೆರಾ ನಿಲ್ಲಿಸಿ ನೋಡಿದರೆ ಗೂಡಿಗೆ ಒಂದು ಕೊಂಬೆ ಅಡ್ಡ.

"ಮಾದ, ಆ ಕೊಂಬೆ ಕಡ್ದು ಆಕ್ಲಾ" ಎಂದರು ಧಣಿ.

"ಬಾಣಂತಿ ಮರ ಬುದ್ದಿ. ಕತ್ತಿ ಇಕ್ಕಂಗಿಲ್ಲ."

"ಬಂದೋರ ಮುಂದೆ ನನ್ ಮಾನ ಕಳೀಬ್ಯಾಡ."

ಗುಡಿಸಲು ನಿಂತ ನೆಲವೂ ಧಣಿಯದೇ. ಇಲ್ಲವೆನ್ನುವುದು ಹೇಗೆ? ದೊಡ್ಡಮಾದಯ್ಯ ಕತ್ತಿಯನ್ನು ಬುಡದಲ್ಲೇ ಬಿಟ್ಟ. "ಕಡಿಯಾಕಿಲ್ಲ, ಅಗ್ಗ ಆಕಿ ಎಳ್ದು ಇಡ್ಕತೀನಿ" ಎಂದು ಹತ್ತಿದ. ಅಂಗಳ ಗುಡಿಸುತ್ತಿದ್ದ ಅವನ ಹೆಂಡತಿ ಚಿಕ್ಕನಿಂಗಮ್ಮ, "ಅಗ್ಗಾವ ಮರುಕ್ಕೇ ಕಟ್ಟು" ಎಂದು ಕೂಗಿದಳು. ಮರಕ್ಕೆ ಕಟ್ಟಿದರೆ ಹಗ್ಗ ಇನ್ನೊಂದು ಗೂಡಿಗೆ ಉಜ್ಜುತ್ತಿತ್ತು, ಅದರಲ್ಲಿ ಕಣ್ಣು ಬಿಡದ ಮರಿಗಳಿದ್ದವು. ಅವನು ಕೊಂಬೆ ಬಗ್ಗಿಸಿ ಹಗ್ಗದ ತುದಿಯನ್ನು ತನ್ನ ಸೊಂಟಕ್ಕೇ ಕಟ್ಟಿಕೊಂಡ.

"ಹಾಗೇ ಹಿಡಿದಿರು! ತಾಯಿ ಹಕ್ಕಿ ವಾಪಸು ಬರಲಿ" ಎಂದರು ವಕೀಲರು, ಕ್ಯಾಮೆರಾಕ್ಕೆ ಹೊದಿಸಿದ ಕರಿಬಟ್ಟೆಯೊಳಗಿಂದ.

ಮನುಷ್ಯನಿರುವ ಮರಕ್ಕೆ ಹಕ್ಕಿ ಸುಲಭಕ್ಕೆ ಬರುತ್ತದೆಯೇ? ದೊಡ್ಡಮಾದಯ್ಯ ಉಸಿರು ಬಿಗಿಹಿಡಿದು ಮರವೇ ಆಗಿಬಿಟ್ಟ. ಹಗ್ಗ ಸೊಂಟದ ಚರ್ಮ ಸುಲಿಯಿತು. ಕಡೆಗೂ ಹಕ್ಕಿ ಬಂತು, ಕ್ಯಾಮೆರಾ ಚಟ್ ಎಂದಿತು.

"ಇನ್ನೊಂದು! ಅಲ್ಲಾಡಬೇಡ!"

ಮರಗಟ್ಟಿದ ಕಾಲನ್ನು ಒಂದಿಷ್ಟು ಸರಿಸಿದ. ಕೊಂಬೆಯ ತುಂಬ ಹಕ್ಕಿಗಳ ಹಿಕ್ಕೆ. ಕಾಲು ಜಾರಿತು. ಬಗ್ಗಿಸಿ ಹಿಡಿದಿದ್ದ ಕೊಂಬೆ ಬಿಲ್ಲಿನಂತೆ ಚಿಮ್ಮಿ ಅವನನ್ನು ಸೆಳೆದು ಎಸೆಯಿತು; ಹಗ್ಗ ತುಂಡಾಗಿ ನೆಲಕ್ಕೆ ಬಿದ್ದ.

ಸಾಯಲಿಲ್ಲ. ಸೊಂಟದ ಕೆಳಗೆ ಮಾತ್ರ ಜೀವವಿಲ್ಲ. ಧಣಿ ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕಳಿಸಿದರು, ಸುಳ್ಳು ಹೇಳಬಾರದು. ಆಮೇಲೆ ಜಗಲಿಯಲ್ಲಿ ಕೂತು ಹೇಳಿದರು: "ಕತ್ತೀಲಿ ಒಂದೇಟು ಆಕಿದ್ರೆ ಮುಗ್ದೋಗ್ತಿತ್ತು. ಅವನ ಮೌಢ್ಯಕ್ಕೆ ನಾನೇನ್ ಮಾಡ್ಲಿ?" ವಕೀಲರು "ಪಾಪ" ಎಂದು ತಲೆಯಾಡಿಸಿದರು.

ಅಂಗಳದಿಂದ ಚಿಕ್ಕನಿಂಗಮ್ಮ ಕೇಳಿದಳು: "ಈ ಮರ ಮುಟ್ದೋರ ಕೈ ಮುರೀತೀನಿ ಅಂತ ಊರ್ಗೆಲ್ಲ ಏಳಿದ್ದೋರು ನೀವೇ ಅಲ್ವಾ ಬುದ್ದಿ?"

ಧಣಿ ಎದ್ದು ಒಳಗೆ ಹೋದರು.

ಈಗ ದೊಡ್ಡಮಾದಯ್ಯ ಗುಡಿಸಲ ಬಾಗಿಲಲ್ಲಿ ಒರಗಿ ಕೂತು, ಬೇರೆಯವರು ಬಡಿದು ತಂದ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾನೆ. ನಗುವುದಿಲ್ಲ.

ರಜೆಯೆಂದು ಕ್ಯಾಮೆರಾ ಹೊತ್ತು ನಮ್ಮ ಸೀಮೆಗೆ ಬರುವ ಮಹನೀಯರೇ, ಮರ ಹತ್ತುವವನು ಸಿಗುತ್ತಾನೆಯೇ ಎಂದು ವಿಚಾರಿಸುವ ಮೊದಲು ಆ ಬಾಗಿಲಿಗೆ ಹೋಗಿ. ಅವನೆದುರು ನೆಲದ ಮೇಲೆ ಕೂತು ಅವನ ಕಾಲು ನೋಡಿ. ಆಮೇಲೂ ಫೋಟೋ ಬೇಕೆನಿಸಿದರೆ, ಮರ ನೀವೇ ಹತ್ತಿ.